ಔದ್ಯೋಗಿಕ ಗಾಯ ಮತ್ತು ರೋಗಗಳ ದಾಖಲಾತಿ

ಕೆಲಸದಿಂದಾಗಿ ಅಥವಾ ಕೆಲಸದ ವೇಳೆಯಲ್ಲಿ ಕಾರ್ಮಿಕರಿಗೆ ಒದಗಿದ ಸಾವು, ಗಾಯ, ಕಾಯಿಲೆಗಳನ್ನು ಮಾಲೀಕರು ಗೊತ್ತುಪಡಿಸಿದ ನಮೂನೆಯಲ್ಲಿ ಬರೆದಿಡುವ, ಅವುಗಳಲ್ಲಿ ಕೆಲವನ್ನು ನಿಗದಿತ ಅವಧಿಯೊಳಗೆ ಸರ್ಕಾರಕ್ಕೆ ತಿಳಿಸುವ ಮತ್ತು ಆ ಕಾಗದಪತ್ರಗಳನ್ನು ಇಷ್ಟು ವರ್ಷವೆಂದು ಕಾಪಾಡುವ ಕಾನೂನುಬದ್ಧ ಹೊಣೆಗೆ ಔದ್ಯೋಗಿಕ ಗಾಯ ಮತ್ತು ರೋಗಗಳ ದಾಖಲಾತಿ ಎಂದು ಹೆಸರು. ಈ ಹೊಣೆಯಲ್ಲಿ ಬೇರೆ ಬೇರೆಯಾಗಿ ನೋಡಬೇಕಾದ ಎರಡು ಕೆಲಸಗಳಿವೆ. ಕೆಲಸದ ಸ್ಥಳದಲ್ಲೇ ಉಳಿಯುವ ರಿಜಿಸ್ಟರಿನ ನಮೂದು ಒಂದು. ಇಲ್ಲಿ ಅದನ್ನು ‘ದಾಖಲೆ’ ಎನ್ನಲಾಗಿದೆ. ಕಾರ್ಖಾನೆ ಇಲಾಖೆ, ವಿಮಾ ನಿಗಮ ಅಥವಾ ಗಣಿ ಸುರಕ್ಷತಾ ಅಧಿಕಾರಿಗೆ ಕಳುಹಿಸುವ ಸೂಚನೆ ಇನ್ನೊಂದು, ಅದು ‘ವರದಿ’. ಒಂದು ಘಳಿಗೆಯಲ್ಲಿ ನಡೆದು ಮುಗಿಯುವ ಘಟನೆಯಿಂದ ದೇಹಕ್ಕೆ ಆದ ಹಾನಿ ‘ಗಾಯ’. ಧೂಳು, ರಾಸಾಯನಿಕ, ಸದ್ದು ಮುಂತಾದವುಗಳ ನಡುವೆ ಬಹುಕಾಲ ದುಡಿದುದರಿಂದ ಬರುವ ಕಾಯಿಲೆ ‘ಔದ್ಯೋಗಿಕ ರೋಗ’. ಯಾರಿಗೂ ಪೆಟ್ಟಾಗದಿದ್ದರೂ ಆಗಬಹುದಾಗಿದ್ದ ಸ್ಫೋಟ, ಕ್ರೇನ್ ಕುಸಿತ, ಬೆಂಕಿಯಂಥವು ‘ಅಪಾಯಕಾರಿ ಘಟನೆ’.

ದಾಖಲಾತಿಯ ಅಂಕಿಗಳನ್ನು ಸುರಕ್ಷತೆಯ ನೇರ ಅಳತೆಯೆಂದು ಓದುವುದು ರೂಢಿ. ಆದರೆ ರಿಜಿಸ್ಟರಿನಲ್ಲಿ ಕಾಣುವ ಸಂಖ್ಯೆಯನ್ನು ಮೂರು ಸಂಗತಿಗಳು ಸೇರಿ ರೂಪಿಸುತ್ತವೆ: ನಿಜವಾಗಿ ಎಷ್ಟು ಜನರಿಗೆ ಹಾನಿಯಾಯಿತು, ಯಾವ ಹಾನಿಯನ್ನು ಬರೆಯಬೇಕೆಂದು ಕಾನೂನು ಗೆರೆ ಎಳೆದಿದೆ, ಬರೆಯುವ ಲೇಖನಿ ಯಾರ ಕೈಯಲ್ಲಿದೆ. ಭಾರತದ ಅಂಕಿಗಳ ಮಟ್ಟಿಗೆ ಕೊನೆಯ ಎರಡು ಸಂಗತಿಗಳ ಪ್ರಭಾವ ಮೊದಲನೆಯದಕ್ಕಿಂತ ಹೆಚ್ಚು ಎಂಬುದನ್ನು ಮುಂದಿನ ವಿವರಗಳು ತೋರಿಸುತ್ತವೆ.

ಹುಟ್ಟು ಮತ್ತು ಬೆಳವಣಿಗೆ

ಕಸುಬಿಗೂ ಕಾಯಿಲೆಗೂ ಇರುವ ನಂಟನ್ನು ಮೊದಲು ವ್ಯವಸ್ಥಿತವಾಗಿ ಬರೆದವನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ. 1700ರಲ್ಲಿ ಮೊಡೆನಾದಲ್ಲಿ ಪ್ರಕಟವಾದ ಅವನ ಗ್ರಂಥವು ರೋಗಿಗೆ ಕೇಳುವ ಪ್ರಶ್ನೆಗಳ ಸಾಲಿಗೆ ‘ನಿನ್ನ ಕೆಲಸವೇನು’ ಎಂಬುದನ್ನೂ ಸೇರಿಸಬೇಕೆಂದಿತು. ಅದು ವೈದ್ಯರಿಗೆ ಹೇಳಿದ ಮಾತು. ಮಾಲೀಕರ ಮೇಲೆ ಹೊಣೆ ಹೊರಿಸುವ ಕಾನೂನು ಬರಲು ಇನ್ನೂ ಸುಮಾರು ಒಂದೂವರೆ ಶತಮಾನ ಹಿಡಿಯಿತು. ಬ್ರಿಟನ್ನಿನ 1844ರ ಕಾರ್ಖಾನೆ ಕಾಯ್ದೆಯ ಪ್ರಕಾರ ಗಾಯಗೊಂಡವನು ಮರುದಿನ ಬೆಳಗ್ಗೆ ಒಂಬತ್ತು ಗಂಟೆಯೊಳಗೆ ಕೆಲಸಕ್ಕೆ ಮರಳಲಾಗದಿದ್ದರೆ ಮಾಲೀಕನು 24 ಗಂಟೆಯೊಳಗೆ ನಿಯುಕ್ತ ವೈದ್ಯನಿಗೆ ಬರವಣಿಗೆಯಲ್ಲಿ ತಿಳಿಸಬೇಕಾಗಿತ್ತು. ಗಾಯ ಎಷ್ಟು ಆಳ ಎಂಬುದನ್ನು ಬಿಟ್ಟು, ಆಳು ಎಷ್ಟು ಹೊತ್ತು ಕೆಲಸದಿಂದ ದೂರ ಉಳಿದ ಎಂಬುದರಿಂದ ಹಾನಿಯನ್ನು ಅಳೆಯುವ ಈ ಕ್ರಮವೇ ಇಂದಿಗೂ ಬಹುತೇಕ ಕಾನೂನುಗಳ ಬೆನ್ನೆಲುಬು. ರೋಗಗಳು ಇದಕ್ಕೆ ಸೇರಿದ್ದು ತಡವಾಗಿ. 1895ರಲ್ಲಿ ಸೀಸ, ರಂಜಕ ಮತ್ತು ಆರ್ಸೆನಿಕ್ ವಿಷಬಾಧೆ ಹಾಗೂ ಆಂಥ್ರಾಕ್ಸ್ ರೋಗಗಳನ್ನು ತಿಳಿಸುವುದು ಅಲ್ಲಿ ಕಡ್ಡಾಯವಾಯಿತು. 1898ರಲ್ಲಿ ಥಾಮಸ್ ಲೆಗ್ ಕಾರ್ಖಾನೆಗಳ ಮೊದಲ ವೈದ್ಯಕೀಯ ಪರಿವೀಕ್ಷಕನಾಗಿ ನೇಮಕಗೊಂಡ.

ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರದು. ಅದು ನೂರು ಅಥವಾ ಹೆಚ್ಚು ಆಳುಗಳಿದ್ದ, ಯಂತ್ರಶಕ್ತಿ ಬಳಸುವ ಕಾರ್ಖಾನೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು; ಯಂತ್ರಗಳಿಗೆ ಬೇಲಿ ಹಾಕುವುದರ ಜೊತೆಗೆ ಅಪಘಾತಗಳನ್ನು ತಿಳಿಸುವ ಹೊಣೆಯನ್ನೂ ವಿಧಿಸಿತ್ತು. 1923ರ ಕಾರ್ಮಿಕರ ಪರಿಹಾರ ಕಾಯ್ದೆ ದಾಖಲೆಗೆ ಹಣದ ಬೆಲೆ ತಂದಿತು; ಅಲ್ಲಿಂದ ಮುಂದೆ ರಿಜಿಸ್ಟರಿನ ಒಂದು ಸಾಲು ಪರಿಹಾರದ ದಾವೆಗೆ ಸಾಕ್ಷ್ಯವೂ ಆಯಿತು. ಸ್ವಾತಂತ್ರ್ಯದ ನಂತರ 1948ರಲ್ಲಿ ಕಾರ್ಖಾನೆಗಳ ಕಾಯ್ದೆ ಮತ್ತು ನೌಕರರ ರಾಜ್ಯ ವಿಮಾ ಕಾಯ್ದೆ, 1952ರಲ್ಲಿ ಗಣಿ ಕಾಯ್ದೆ ಬಂದವು. 1984ರ ಡಿಸೆಂಬರಿನ ಭೋಪಾಲ ದುರಂತದ ಬಳಿಕ, 1987ರ ತಿದ್ದುಪಡಿಯು ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಪ್ರತ್ಯೇಕ ಅಧ್ಯಾಯವೊಂದನ್ನು ಸೇರಿಸಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ ದಾಖಲಾತಿ ಕುರಿತ ಮಾರ್ಗಸೂಚಿಯನ್ನೂ 2002ರಲ್ಲಿ ಇದೇ ವಿಷಯದ ಪ್ರೋಟೋಕಾಲನ್ನೂ ಹೊರಡಿಸಿತು.

ಭಾರತದ ಕಾನೂನು ಚೌಕಟ್ಟು

ಭಾರತದಲ್ಲಿ ಈ ವಿಷಯ ಒಂದೇ ಪುಸ್ತಕದಲ್ಲಿ ಬರೆಯಲ್ಪಟ್ಟಿದ್ದಿಲ್ಲ. ಒಂದೇ ಕಾರ್ಖಾನೆಯ ಒಂದೇ ಗಾಯ ಸುರಕ್ಷತಾ ಕಾನೂನು, ವಿಮಾ ಕಾನೂನು, ಪರಿಹಾರ ಕಾನೂನು ಎಂಬ ಮೂರು ದಾರಿಗಳಲ್ಲಿ ಹರಿಯುತ್ತ ಬಂದಿದೆ. ಪ್ರತಿಯೊಂದು ದಾರಿಗೂ ತನ್ನದೇ ಗೆರೆ, ತನ್ನದೇ ನಮೂನೆ, ತನ್ನದೇ ಕಚೇರಿ.

2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 88ನೆಯ ಪ್ರಕರಣದಂತೆ ಸಾವು ಸಂಭವಿಸಿದರೆ, ಅಥವಾ ಗಾಯಗೊಂಡವನು ಅಪಘಾತದ ಬೆನ್ನಿಗೇ 48 ಗಂಟೆ ಅಥವಾ ಹೆಚ್ಚು ಕಾಲ ಕೆಲಸ ಮಾಡಲಾಗದಿದ್ದರೆ ಕಾರ್ಖಾನೆಯ ವ್ಯವಸ್ಥಾಪಕ ಅದನ್ನು ವರದಿ ಮಾಡಬೇಕಾಗಿತ್ತು. ಸಾವಿನ ಪ್ರಕರಣಗಳಲ್ಲಿ ಸೂಚನೆ ತಲುಪಿದ ಒಂದು ತಿಂಗಳೊಳಗೆ ಅಧಿಕಾರಿಯು ತನಿಖೆ ನಡೆಸಬೇಕಾಗಿತ್ತು. 88ಎ ಪ್ರಕರಣ ಅಪಾಯಕಾರಿ ಘಟನೆಗಳಿಗೆ, 89ನೆಯದು ರೋಗಗಳಿಗೆ ಸಂಬಂಧಿಸಿತ್ತು. ಕರ್ನಾಟಕದಲ್ಲಿ ಇವುಗಳ ನಮೂನೆ ಮತ್ತು ವಿಧಾನ 1969ರ ಕರ್ನಾಟಕ ಕಾರ್ಖಾನೆಗಳ ನಿಯಮಗಳಲ್ಲಿದ್ದವು. ಜಾರಿಯ ಹೊಣೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯದು. ಗುತ್ತಿಗೆದಾರನ ಮೂಲಕ ಬಂದ ಆಳು ತನ್ನವನಲ್ಲ ಎಂದು ಕಾರ್ಖಾನೆ ಹೇಳುವಂತಿರಲಿಲ್ಲ. 1976ರ ತಿದ್ದುಪಡಿಯ ನಂತರ ‘ಕಾರ್ಮಿಕ’ ಎಂಬುದರ ವ್ಯಾಖ್ಯೆಯಲ್ಲೇ ಗುತ್ತಿಗೆ ಆಳು ಸೇರಿದ್ದ.

ಕಾರ್ಮಿಕರು ದಿನಬಳಕೆಯಲ್ಲಿ ಇ.ಎಸ್.ಐ. ಎಂದು ಕರೆಯುವ ನೌಕರರ ರಾಜ್ಯ ವಿಮಾ ಯೋಜನೆಯ 1950ರ ಸಾಮಾನ್ಯ ವಿನಿಯಮಗಳು ಪ್ರತ್ಯೇಕ ಅಪಘಾತ ಪುಸ್ತಕವೊಂದನ್ನು ಕೇಳುತ್ತವೆ. ಗಾಯಗೊಂಡವನ ಹೆಸರು, ವಯಸ್ಸು, ವಿಮಾ ಸಂಖ್ಯೆ, ವಿಭಾಗ ಮತ್ತು ಪಾಳಿ, ಗಾಯದ ಕಾರಣ ಮತ್ತು ಸ್ವರೂಪ, ಆ ಹೊತ್ತಿನಲ್ಲಿ ಅವನು ಮಾಡುತ್ತಿದ್ದ ಕೆಲಸ, ನಮೂದು ಮಾಡಿದವರ ಸಹಿ, ಸಾಕ್ಷಿಗಳ ಹೆಸರು ಅದರಲ್ಲಿ ಇರಬೇಕು. ಗಾಯಾಳು ಬಾಯಿಮಾತಿನಲ್ಲಿ ತಿಳಿಸಿದರೂ ಸೂಚನೆ ಕೊಟ್ಟಂತೆಯೇ. ಅವನ ಪರವಾಗಿ ಇನ್ನೊಬ್ಬರು ತಿಳಿಸಿದರೂ ನಡೆಯುತ್ತದೆ. ಮಾಲೀಕ ಇದರ ಜೊತೆಗೆ ನಿಗಮದ ಶಾಖಾ ಕಚೇರಿಗೂ ವಿಮಾ ವೈದ್ಯಾಧಿಕಾರಿಗೂ ಅಪಘಾತ ವರದಿ ಕಳುಹಿಸಬೇಕು, ಗಂಭೀರ ಪ್ರಕರಣವಾದರೆ ತಕ್ಷಣ. 1923ರ ಪರಿಹಾರ ಕಾಯ್ದೆ ಇ.ಎಸ್.ಐ. ವ್ಯಾಪ್ತಿಯ ಹೊರಗಿನವರಿಗೆ ಅನ್ವಯಿಸುತ್ತ ಬಂದದ್ದು. ಅದರ 10ಬಿ ಪ್ರಕರಣದಲ್ಲಿ ಸಾವು ಮತ್ತು ತೀವ್ರ ಗಾಯಗಳನ್ನು ಏಳು ದಿನಗಳೊಳಗೆ ಆಯುಕ್ತರಿಗೆ ತಿಳಿಸುವ ವಿಧಿಯಿತ್ತು. ಗಣಿಗಳ ದಾರಿಯೇ ಬೇರೆ. ಹಟ್ಟಿಯ ಚಿನ್ನದ ಗಣಿಯಾಗಲಿ ಬಳ್ಳಾರಿಯ ಅದಿರು ಗಣಿಯಾಗಲಿ, ಅವುಗಳ ಅಪಘಾತಗಳು ರಾಜ್ಯದ ಇಲಾಖೆಗೆ ಹೋಗದೆ ಧನಬಾದಿನಲ್ಲಿ ಕೇಂದ್ರ ಕಚೇರಿಯಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಸೇರುತ್ತವೆ. ಹೀಗಾಗಿ ಕರ್ನಾಟಕದ ಒಟ್ಟು ಚಿತ್ರ ಬೇಕಾದವರಿಗೆ ಒಂದೇ ಕಡೆ ಸಿಗುವುದಿಲ್ಲ.

ದಾಖಲೆಯ ಗೆರೆ

ಯಾವ ಗಾಯ ಬರೆಯಬೇಕಾದದ್ದು ಎಂಬ ಪ್ರಶ್ನೆಗೆ ಈ ಕಾನೂನುಗಳು ಕೊಡುತ್ತಿದ್ದ ಉತ್ತರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಕಾರ್ಖಾನೆ ಕಾಯ್ದೆಗೆ 48 ಗಂಟೆ ಬೇಕಿತ್ತು. ಪರಿಹಾರ ಕಾಯ್ದೆಯಲ್ಲಿ ಹಣ ಸಿಗಬೇಕಾದರೆ ಅಸಾಮರ್ಥ್ಯ ಮೂರು ದಿನಗಳನ್ನು ಮೀರಬೇಕಿತ್ತು. ಇ.ಎಸ್.ಐ.ಯ ತಾತ್ಕಾಲಿಕ ಅಸಾಮರ್ಥ್ಯದ ಸೌಲಭ್ಯಕ್ಕೆ ಅಪಘಾತದ ದಿನವನ್ನು ಬಿಟ್ಟು ಕನಿಷ್ಠ ಮೂರು ದಿನ ಆಗಬೇಕಿತ್ತು. ಗಣಿ ಕಾಯ್ದೆಯಲ್ಲಿ 24 ಗಂಟೆ ಮೀರಿದ ಗೈರುಹಾಜರಿಗೆ ರಿಜಿಸ್ಟರಿನ ನಮೂದು, 72 ಗಂಟೆ ಅಥವಾ ಹೆಚ್ಚಿನದಕ್ಕೆ ‘ವರದಿಯೋಗ್ಯ ಗಾಯ’ ಎಂಬ ಹೆಸರು ಇತ್ತು. ಒತ್ತುಯಂತ್ರದಲ್ಲಿ ಬೆರಳ ತುದಿ ಜಜ್ಜಿಸಿಕೊಂಡು ಮೂರನೆಯ ದಿನ ಕೆಲಸಕ್ಕೆ ಮರಳಿದವನು ಕಾರ್ಖಾನೆ ಇಲಾಖೆಯ ಲೆಕ್ಕದಲ್ಲಿ ಒಂದು ಅಪಘಾತ. ಪರಿಹಾರ ಕಾನೂನಿನ ಲೆಕ್ಕದಲ್ಲಿ ಏನೂ ಅಲ್ಲ.

ಗೈರುಹಾಜರಿಯ ಅಳತೆಗೆ ಒಂದು ಸಹಜ ಸಮರ್ಥನೆಯಿದೆ: ಹಾಜರಿ ಪುಸ್ತಕ ನೋಡಿದರೆ ಸಾಕು, ವೈದ್ಯಕೀಯ ವಾದಕ್ಕೆ ಎಡೆಯಿಲ್ಲ. ಅದು ನಿಜವೇ. ಆದರೆ ಹಾಜರಿ ಪುಸ್ತಕ ಮಾಲೀಕನ ಕೈಯಲ್ಲೇ ಇರುತ್ತದೆ. ಗಾಯಗೊಂಡವನನ್ನು ಮರುದಿನ ಕರೆಸಿ ಕುರ್ಚಿಯ ಮೇಲೆ ಕೂರಿಸಿ ಹಾಜರಿ ಹಾಕಿದರೆ 48 ಗಂಟೆಯ ಗೆರೆಯನ್ನು ದಾಟದೆ ಉಳಿಯಬಹುದು. ದಿನಗೂಲಿಯವನಿಗೆ ಮನೆಯಲ್ಲಿ ಕೂತರೆ ಕೂಲಿಯೇ ಇಲ್ಲವಾದ್ದರಿಂದ ಈ ಏರ್ಪಾಡು ಅವನಿಗೂ ಒಪ್ಪಿಗೆಯಾಗಿಬಿಡುತ್ತದೆ. ಗೆರೆ ಸರಿದರೆ ಸಂಖ್ಯೆ ಸರಿಯುತ್ತದೆ ಎಂಬುದಕ್ಕೆ ಬ್ರಿಟನ್ ಒಳ್ಳೆಯ ನಿದರ್ಶನ. ಅಲ್ಲಿ ಮೂರು ದಿನ ಮೀರಿದ ಗೈರುಹಾಜರಿಯ ಗಾಯಗಳನ್ನು ವರದಿ ಮಾಡಬೇಕಾಗಿತ್ತು. 2012ರ ಏಪ್ರಿಲಿನಿಂದ ಅದು ಏಳು ದಿನ ಮೀರಿದ್ದಕ್ಕೆ ಬದಲಾಯಿತು, ಮೂರು ದಿನದ ಗಾಯಗಳು ಸಂಸ್ಥೆಯ ಒಳಗಿನ ದಾಖಲೆಯಲ್ಲಷ್ಟೇ ಉಳಿದವು. ವರದಿಯಾದ ಗಾಯಗಳ ಸಂಖ್ಯೆ ಇಳಿಯಿತು. ಆ ಇಳಿಕೆಯಲ್ಲಿ ಯಂತ್ರಗಳು ಸುರಕ್ಷಿತವಾದದ್ದರ ಪಾಲೆಷ್ಟು, ಕಾಗದ ಕಡಿಮೆಯಾದದ್ದರ ಪಾಲೆಷ್ಟು ಎಂದು ಅಂಕಿಯೊಂದೇ ಹೇಳಲಾರದು.

ಔದ್ಯೋಗಿಕ ರೋಗಗಳು

ಗಾಯಕ್ಕೆ ಗಂಟೆ, ಸ್ಥಳ, ಸಾಕ್ಷಿ ಇರುತ್ತವೆ. ರೋಗಕ್ಕೆ ಇವು ಯಾವುವೂ ಇರುವುದಿಲ್ಲ. ಸಿಲಿಕಾ ಧೂಳು ಶ್ವಾಸಕೋಶವನ್ನು ಗಟ್ಟಿಯಾಗಿಸಲು ವರ್ಷಗಳು ಹಿಡಿಯುತ್ತವೆ, ಕಲ್ನಾರಿನಿಂದ ಬರುವ ಕ್ಯಾನ್ಸರ್ ಹಲವು ದಶಕಗಳ ನಂತರ ಕಾಣಿಸಿಕೊಳ್ಳಬಹುದು. ಆ ಹೊತ್ತಿಗೆ ಕಾರ್ಮಿಕ ನಿವೃತ್ತನಾಗಿರುತ್ತಾನೆ ಅಥವಾ ಬೇರೆ ಕಡೆ ಕೆಲಸ ಹಿಡಿದಿರುತ್ತಾನೆ. ಆದ್ದರಿಂದ ರೋಗದ ದಾಖಲಾತಿಯನ್ನು ಕಾನೂನು ಪಟ್ಟಿಯೊಂದಕ್ಕೆ ಕಟ್ಟಿಹಾಕಿದೆ. ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ 29 ರೋಗಗಳಿದ್ದವು: ಸೀಸ, ಪಾದರಸ, ಮ್ಯಾಂಗನೀಸ್, ಬೆಂಜೀನ್ ವಿಷಬಾಧೆಗಳು, ಸಿಲಿಕೋಸಿಸ್, ಆಸ್ಬೆಸ್ಟೋಸಿಸ್, ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್, ಕ್ರೋಮ್ ಹುಣ್ಣು, ಚರ್ಮದ ಉರಿಯೂತ, ಸದ್ದಿನಿಂದಾಗುವ ಕಿವುಡು ಮುಂತಾದವು. ಬೆನ್ನು, ಕುತ್ತಿಗೆ, ಮಣಿಕಟ್ಟುಗಳ ಸವೆತದ ನೋವುಗಳು ಈ ಪಟ್ಟಿಯಲ್ಲಿಲ್ಲ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ದಿನವಿಡೀ ಬಾಗಿ ಕೂರುವ ಹೆಣ್ಣುಮಕ್ಕಳ ನೋವು ಹೀಗಾಗಿ ಔದ್ಯೋಗಿಕ ರೋಗವಾಗಿ ಎಲ್ಲಿಯೂ ನಮೂದಾಗುವುದಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2010ರ ಪರಿಷ್ಕೃತ ಪಟ್ಟಿ ಸ್ನಾಯು–ಮೂಳೆ ತೊಂದರೆಗಳನ್ನೂ ಮಾನಸಿಕ ತೊಂದರೆಗಳನ್ನೂ ಒಳಗೊಂಡಿದೆ.

ರೋಗವನ್ನು ತಿಳಿಸುವ ಹೊಣೆ ವ್ಯವಸ್ಥಾಪಕನ ಮೇಲೆ ಮಾತ್ರವಲ್ಲ, ಚಿಕಿತ್ಸೆ ಮಾಡಿದ ವೈದ್ಯನ ಮೇಲೂ ಇದೆ. ವೈದ್ಯನು ರೋಗಿಯ ಹೆಸರು, ವಿಳಾಸ, ರೋಗ, ಅವನು ದುಡಿಯುವ ಕಾರ್ಖಾನೆಯನ್ನು ಮುಖ್ಯ ಪರಿವೀಕ್ಷಕರಿಗೆ ಬರೆದು ತಿಳಿಸಬೇಕು. ತಪ್ಪಿದರೆ ಕಾರ್ಖಾನೆ ಕಾಯ್ದೆಯಲ್ಲಿ ಇದ್ದ ದಂಡ ಹೆಚ್ಚೆಂದರೆ 1,000 ರೂಪಾಯಿ. ಈ ಕೊಂಡಿಯೇ ಸಡಿಲವಾದದ್ದು. ಕೆಮ್ಮು, ಏದುಸಿರಿನಿಂದ ಬಂದ ಕಲ್ಲುಕೆಲಸದವನಿಗೆ ಸಾಮಾನ್ಯ ಆಸ್ಪತ್ರೆಯಲ್ಲಿ ಕ್ಷಯಕ್ಕೆ ಔಷಧಿ ಸಿಗುವುದೇ ಹೆಚ್ಚು. ಎದೆಯ ಕ್ಷ-ಕಿರಣ ಚಿತ್ರದಲ್ಲಿ ಎರಡೂ ರೋಗಗಳ ಗುರುತು ಬೆರೆತುಹೋಗಬಹುದು, ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವವೂ ಅಧಿಕ. ರಾಮಾಜಿನಿ ಸೂಚಿಸಿದ ಪ್ರಶ್ನೆಯನ್ನು ಕೇಳದ ಕಡೆ ರೋಗ ದಾಖಲಾಗುವುದೇ ಇಲ್ಲ.

ಕೇಳಿ, ಹುಡುಕಿದರೆ ಏನಾಗುತ್ತದೆ ಎಂಬುದಕ್ಕೆ ಕೋಲಾರದ ಚಿನ್ನದ ಗಣಿ ಸಾಕ್ಷಿ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ಸುಮಾರಿಗೆ ಅಲ್ಲಿ ಕೆಲಸ ಶುರು ಮಾಡಿತ್ತು. ಆರು ದಶಕಗಳ ನಂತರ, 1940ರ ದಶಕದಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದ ಸಮೀಕ್ಷೆಯೊಂದು ಶೇ. 43.7ರಷ್ಟು ಜನರಲ್ಲಿ ಸಿಲಿಕೋಸಿಸ್ ಗುರುತಿಸಿತು. ಭಾರತದ ವೈದ್ಯಕೀಯ ಪಠ್ಯಗಳಲ್ಲಿ ಸಿಲಿಕೋಸಿಸ್ ದೇಶದಲ್ಲಿ ಮೊದಲು ವರದಿಯಾದ ಜಾಗವೆಂದು ಕೋಲಾರದ ಹೆಸರೇ ಇದೆ. ರೋಗ ಅಲ್ಲೇ ಮೊದಲು ಹುಟ್ಟಿತೆಂದು ಇದರಿಂದ ತಿಳಿಯಬೇಕಾಗಿಲ್ಲ; ಮೊದಲು ಎಣಿಸಿದ್ದು ಅಲ್ಲಿ. ದೇಶದ ಉಳಿದ ಕಲ್ಲುಗಣಿ, ಸ್ಲೇಟು ಪೆನ್ಸಿಲಿನ ಗುಡಿ ಕೈಗಾರಿಕೆ, ಗಾಜಿನ ಕಾರ್ಖಾನೆಗಳಲ್ಲೂ ಇದೇ ಧೂಳು ಇತ್ತು.

ಈ ತೊಡಕಿಗೆ ಕಾನೂನು ಕಂಡುಕೊಂಡ ಉತ್ತಮ ಪರಿಹಾರವೆಂದರೆ ರೋಗ ಬರುವ ಮೊದಲೇ ದಾಖಲೆ ಶುರು ಮಾಡುವುದು. ಕಾರ್ಖಾನೆ ಕಾಯ್ದೆಗೆ 1987ರಲ್ಲಿ ಸೇರಿದ 41ಸಿ ಪ್ರಕರಣದಂತೆ ಅಪಾಯಕಾರಿ ಪ್ರಕ್ರಿಯೆಯಲ್ಲಿ ರಾಸಾಯನಿಕ ಅಥವಾ ವಿಷವಸ್ತುಗಳ ಸಂಪರ್ಕಕ್ಕೆ ಬರುವ ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ನಿಖರವಾಗಿ ಇಡಬೇಕಿತ್ತು, ಅದು ಕಾರ್ಮಿಕನಿಗೂ ನೋಡಸಿಗಬೇಕಿತ್ತು. ಆ ಕೆಲಸಕ್ಕೆ ಹಾಕುವ ಮೊದಲು, ಕೆಲಸದಲ್ಲಿರುವಾಗ ಮತ್ತು ಬಿಟ್ಟ ನಂತರ ಹನ್ನೆರಡು ತಿಂಗಳು ಮೀರದ ಅಂತರದಲ್ಲಿ ವೈದ್ಯಕೀಯ ತಪಾಸಣೆ ನಡೆಸಬೇಕಿತ್ತು. ಇದನ್ನು ಉಲ್ಲಂಘಿಸಿದರೆ ಏಳು ವರ್ಷಗಳವರೆಗಿನ ಸೆರೆಗೂ ಅವಕಾಶವಿತ್ತು. ಸಾಮಾನ್ಯ ಉಲ್ಲಂಘನೆಗೆ ಗರಿಷ್ಠ ಎರಡು ವರ್ಷ. ಕಲ್ನಾರಿನ ಕಾರ್ಮಿಕರ ಕುರಿತು ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1995ರ ಜನವರಿಯಲ್ಲಿ ಇನ್ನೂ ಮುಂದೆ ಹೋಯಿತು. ಕಲ್ನಾರು ಉದ್ಯಮಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಬಳಿಕ 15 ವರ್ಷ, ಇವೆರಡರಲ್ಲಿ ಯಾವುದು ನಂತರವೋ ಅಲ್ಲಿಯವರೆಗೆ ಕಾಪಾಡಬೇಕೆಂದಿತು. ದಾಖಲೆಯ ಆಯುಷ್ಯವನ್ನು ರೋಗದ ಆಯುಷ್ಯಕ್ಕೆ ಸರಿಹೊಂದಿಸಿದ ಆದೇಶ ಇದು. ಇಷ್ಟು ಕಾಲ ಕಾಗದ ಇಡುವುದು ಸಣ್ಣ ಉದ್ಯಮಿಗೆ ಹೊರೆ ಎಂಬ ಆಕ್ಷೇಪವಿದೆ. ಸಣ್ಣ ಘಟಕಗಳೇ ಬೇಗ ಮುಚ್ಚಿಹೋಗುವುದರಿಂದ ಆ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಅದರಿಂದ ಹೊರಡುವ ತೀರ್ಮಾನ, ದಾಖಲೆ ಮಾಲೀಕನ ಕಪಾಟಿನಿಂದ ಸಾರ್ವಜನಿಕ ಭಂಡಾರಕ್ಕೆ ಹೋಗಬೇಕೆಂಬುದೇ ಹೊರತು ದಾಖಲೆಯೇ ಬೇಡವೆಂಬುದಲ್ಲ.

ಅಮೆರಿಕದ ಪದ್ಧತಿ

ಅತಿ ವಿವರವಾದ ದಾಖಲಾತಿ ನಿಯಮಗಳಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. 1970ರ ಡಿಸೆಂಬರ್ 29ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಔದ್ಯೋಗಿಕ ಸುರಕ್ಷತೆ ಮತ್ತು ಸ್ವಾಸ್ಥ್ಯ ಕಾಯ್ದೆಯಿಂದ ಹುಟ್ಟಿದ ‘ಓಶಾ’ ಸಂಸ್ಥೆ ಮೂರು ನಮೂನೆಗಳನ್ನು ಕೇಳುತ್ತದೆ: ವರ್ಷವಿಡೀ ಬರೆಯುವ 300ನೆಯ ಪಟ್ಟಿ, ಪ್ರತಿ ಪ್ರಕರಣದ ವಿವರವಿರುವ 301, ವರ್ಷದ ಮೊತ್ತ ತೋರಿಸುವ 300ಎ. 2002ರ ಜನವರಿಯಿಂದ ಬಳಕೆಯಲ್ಲಿರುವ ಇವುಗಳಲ್ಲಿ ಕೊನೆಯದನ್ನು ಸಂಸ್ಥೆಯ ಹಿರಿಯ ಅಧಿಕಾರಿಯ ಸಹಿಯೊಂದಿಗೆ ಫೆಬ್ರವರಿ 1ರಿಂದ ಏಪ್ರಿಲ್ 30ರವರೆಗೆ ಕಾರ್ಮಿಕರ ಕಣ್ಣಿಗೆ ಬೀಳುವಂತೆ ಅಂಟಿಸಬೇಕು. ವಿಷಯ ತಿಳಿದ ಏಳು ದಿನಗಳೊಳಗೆ ನಮೂದು ಆಗಬೇಕು, ದಾಖಲೆ ಐದು ವರ್ಷ ಉಳಿಯಬೇಕು. ಸಾವನ್ನು ಎಂಟು ಗಂಟೆಯೊಳಗೆ, ಆಸ್ಪತ್ರೆಗೆ ದಾಖಲಾಗುವಂಥ ಗಾಯ, ಅಂಗಚ್ಛೇದ, ಕಣ್ಣಿನ ನಷ್ಟಗಳನ್ನು 24 ಗಂಟೆಯೊಳಗೆ ವರದಿ ಮಾಡಬೇಕು. ಹತ್ತು ಅಥವಾ ಕಡಿಮೆ ಜನರಿರುವ ಸಂಸ್ಥೆಗಳಿಗೂ ಅಪಾಯ ಕಡಿಮೆಯಿರುವ ಕೆಲವು ಉದ್ಯಮಗಳಿಗೂ ನಿತ್ಯದ ದಾಖಲೆಯಿಂದ ವಿನಾಯಿತಿಯಿದೆ. ಸಾವು ಮತ್ತು ತೀವ್ರ ಗಾಯದ ವರದಿಯಿಂದ ಇಲ್ಲ.

ಅಲ್ಲಿನ ಗೆರೆ ಕೆಲಸಕ್ಕೆ ಗೈರಾದವರಿಗೆ ಸೀಮಿತವಲ್ಲ. ಪ್ರಥಮ ಚಿಕಿತ್ಸೆಯನ್ನು ಮೀರಿದ ಚಿಕಿತ್ಸೆ ಬೇಕಾದರೆ, ಪ್ರಜ್ಞೆ ತಪ್ಪಿದರೆ, ಹಗುರ ಕೆಲಸಕ್ಕೆ ಬದಲಾಯಿಸಿದರೆ ಸಹ ಪ್ರಕರಣ ದಾಖಲಾರ್ಹ. ಕುರ್ಚಿಯ ಮೇಲೆ ಕೂರಿಸಿ ಹಾಜರಿ ಹಾಕುವ ಉಪಾಯ ಈ ಗೆರೆಯ ಮುಂದೆ ನಡೆಯುವುದಿಲ್ಲ. ಆದರೆ ಇದಕ್ಕೂ ತನ್ನದೇ ಓರೆಕೋರೆಗಳಿವೆ: ಕುಯ್ದ ಗಾಯದ ಮೇಲೆ ಅಂಟುಪಟ್ಟಿ ಹಚ್ಚಿದರೆ ಅದು ಪ್ರಥಮ ಚಿಕಿತ್ಸೆ, ಅದೇ ಗಾಯಕ್ಕೆ ಹೊಲಿಗೆ ಹಾಕಿದರೆ ದಾಖಲೆಗೆ ಸೇರಬೇಕಾದದ್ದು. ಕಂಪನಿಯ ವೈದ್ಯ ಯಾವುದನ್ನು ಆರಿಸುತ್ತಾನೆ ಎಂಬಲ್ಲಿ ಒತ್ತಡ ನುಸುಳಬಹುದು. ಗುತ್ತಿಗೆ ಆಳಿನ ವಿಚಾರದಲ್ಲಿ ಅಲ್ಲಿನ ನಿಯಮ ನೇರವಾಗಿದೆ, ದಿನದಿನದ ಕೆಲಸವನ್ನು ಯಾರು ಮಾಡಿಸುತ್ತಾರೋ ಅವರೇ ಬರೆಯಬೇಕು.

ದಾಖಲೆ ಮುಚ್ಚಿಟ್ಟದ್ದನ್ನೇ ದೊಡ್ಡ ಅಪರಾಧವಾಗಿ ಕಂಡ ಪ್ರಸಂಗವೊಂದು ಭೋಪಾಲಕ್ಕೆ ತಳುಕು ಹಾಕಿಕೊಂಡಿದೆ. ವೆಸ್ಟ್ ವರ್ಜೀನಿಯಾದ ಇನ್‌ಸ್ಟಿಟ್ಯೂಟ್ ಊರಿನಲ್ಲಿದ್ದ, ಭೋಪಾಲದ ಕಾರ್ಖಾನೆಯ ಒಡೆತನವಿದ್ದ ಯೂನಿಯನ್ ಕಾರ್ಬೈಡ್ ಕಂಪನಿಯದೇ ಸ್ಥಾವರಕ್ಕೆ ಓಶಾ 1986ರಲ್ಲಿ ಸುಮಾರು 14 ಲಕ್ಷ ಡಾಲರುಗಳ ದಂಡ ಸೂಚಿಸಿತು. ಆರೋಪಗಳಲ್ಲಿ ಬಹುಪಾಲು ಗಾಯ ಮತ್ತು ಕಾಯಿಲೆಗಳನ್ನು ಬೇಕೆಂದೇ ಬರೆಯದಿದ್ದದ್ದಕ್ಕೆ ಸಂಬಂಧಿಸಿದ್ದವು. ಪ್ರತಿ ಪ್ರಕರಣಕ್ಕೂ ಪ್ರತ್ಯೇಕ ದಂಡ ಹಾಕುವ ಕ್ರಮ ಇದರೊಂದಿಗೆ ಶುರುವಾಯಿತು. ಮರುವರ್ಷ ರಾಜಿಯಲ್ಲಿ ಆ ಮೊತ್ತ ಬಹಳ ಇಳಿಯಿತು.

ದರಗಳು ಮತ್ತು ಬಳಕೆ

ಕಾರ್ಖಾನೆಗಳನ್ನು ಹೋಲಿಸಲು ಬರಿಯ ಎಣಿಕೆ ಸಾಲದು. ಎಷ್ಟು ಜನ, ಎಷ್ಟು ಗಂಟೆ ದುಡಿದರು ಎಂಬುದರಿಂದ ಭಾಗಿಸಬೇಕು. ಭಾರತೀಯ ಮಾನಕ ಬ್ಯೂರೋದ ಐ.ಎಸ್. 3786 ಇದರ ವಿಧಾನವನ್ನು ಹೇಳುತ್ತದೆ. ಗಾಯಗಳ ಸಂಖ್ಯೆಯನ್ನು ಹತ್ತು ಲಕ್ಷದಿಂದ ಗುಣಿಸಿ ದುಡಿದ ಮಾನವ-ಗಂಟೆಗಳಿಂದ ಭಾಗಿಸಿದರೆ ಆವರ್ತನ ದರ. ಗಾಯಗಳ ಬದಲು ಕಳೆದುಹೋದ ದಿನಗಳನ್ನು ಇಟ್ಟರೆ ತೀವ್ರತೆಯ ದರ. ಸಾವಿಗೆ ಮತ್ತು ಸಂಪೂರ್ಣ ಶಾಶ್ವತ ಅಸಾಮರ್ಥ್ಯಕ್ಕೆ 6,000 ದಿನಗಳ ನಷ್ಟವೆಂದು ಎಣಿಸಲಾಗುತ್ತದೆ. ವರ್ಷಕ್ಕೆ ತಲಾ 2,400 ಗಂಟೆ ದುಡಿಯುವ 500 ಜನರ ಕಾರ್ಖಾನೆಯಲ್ಲಿ ಆರು ಗಾಯಗಳಿಂದ 90 ದಿನ ಹೋದವೆಂದರೆ ಆವರ್ತನ ದರ 5, ತೀವ್ರತೆಯ ದರ 75. ಅದೇ ವರ್ಷ ಒಂದು ಸಾವು ಸೇರಿದರೆ ಮೊದಲನೆಯದು 5.8 ಆಗುತ್ತದೆ, ಎರಡನೆಯದು 5,075ಕ್ಕೆ ನೆಗೆಯುತ್ತದೆ. ಅಮೆರಿಕದವರು ಹತ್ತು ಲಕ್ಷದ ಬದಲು ಎರಡು ಲಕ್ಷ ಗಂಟೆಗಳನ್ನು, ಎಂದರೆ ನೂರು ಜನರ ಒಂದು ವರ್ಷದ ದುಡಿಮೆಯನ್ನು ಬಳಸುವುದರಿಂದ ಅವರ ದರವನ್ನು ನಮ್ಮದರ ಪಕ್ಕದಲ್ಲಿ ನೇರವಾಗಿ ಇಡಲಾಗದು.

ದಾಖಲೆ ಬಳಕೆಯಾಗುವುದು ಪರಿಹಾರ ಮತ್ತು ವಿಮೆಯ ಇತ್ಯರ್ಥಕ್ಕೆ, ಪರಿವೀಕ್ಷಕರು ಮೊದಲು ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವುದಕ್ಕೆ, ಯಾವ ಯಂತ್ರದಲ್ಲಿ ಮತ್ತೆ ಮತ್ತೆ ಕೈ ಸಿಕ್ಕುತ್ತಿದೆ ಎಂದು ಕಾರ್ಖಾನೆಯವರೇ ತಿಳಿಯುವುದಕ್ಕೆ. ಈ ಮೂರನೆಯದೇ ಮುಖ್ಯವಾದರೂ, ದರವನ್ನು ಬೋನಸ್ಸಿಗೆ ಮತ್ತು ಗುತ್ತಿಗೆ ಟೆಂಡರಿನ ಅರ್ಹತೆಗೆ ಕಟ್ಟಿದ ಕಡೆ ಅದು ಕುಂದುತ್ತದೆ. ಗೇಟಿನ ಬಳಿ ‘ಅಪಘಾತರಹಿತ ದಿನಗಳು’ ಎಂಬ ಫಲಕ ನೇತುಹಾಕಿ, ಆ ಸಂಖ್ಯೆ ಮುರಿಯದಿದ್ದರೆ ಇಡೀ ಪಾಳಿಗೆ ಬಹುಮಾನ ಎಂದರೆ, ಗಾಯಗೊಂಡವನು ಸಂಗಾತಿಗಳ ಬಹುಮಾನ ಕಳೆಯುವವನಾಗುತ್ತಾನೆ. ವರದಿ ಮಾಡಿದ ಕಾರ್ಮಿಕನ ಮೇಲೆ ಯಾವುದೇ ಬಗೆಯಲ್ಲಿ ಹಗೆ ತೀರಿಸುವುದನ್ನು ಓಶಾ 2016ರ ನಿಯಮದಲ್ಲಿ ಸ್ಪಷ್ಟವಾಗಿ ನಿಷೇಧಿಸಿತು.

ದಾಖಲಾಗದೆ ಉಳಿಯುವುದು

ಸಾವನ್ನು ಮರೆಮಾಡುವುದು ಕಷ್ಟ. ಪೊಲೀಸರು, ಮರಣೋತ್ತರ ಪರೀಕ್ಷೆ, ಮನೆಯವರು ಎಲ್ಲ ಇರುತ್ತಾರೆ. ಗಾಯವನ್ನು ಬರೆಯದೆ ಬಿಡುವುದು ಸುಲಭ. ಆದ್ದರಿಂದ ಸಾವಿಗೂ ಗಾಯಕ್ಕೂ ಇರುವ ಅನುಪಾತವು ದಾಖಲಾತಿಯ ಗುಣಮಟ್ಟವನ್ನು ಪರೀಕ್ಷಿಸುವ ಒಂದು ಸಾಧನ. 2017ರಿಂದ 2020ರವರೆಗಿನ ಸರ್ಕಾರಿ ಅಂಕಿಗಳಂತೆ ಭಾರತದ ನೋಂದಾಯಿತ ಕಾರ್ಖಾನೆಗಳಲ್ಲಿ ವರ್ಷಕ್ಕೆ ಸರಾಸರಿ 1,109 ಸಾವು, ನಾಲ್ಕು ಸಾವಿರಕ್ಕೂ ತುಸು ಹೆಚ್ಚು ಗಾಯಗಳು. ಒಂದು ಸಾವಿಗೆ ನಾಲ್ಕು ಗಾಯ. ಬ್ರಿಟನ್ನಿನಲ್ಲಿ 2023–24ರಲ್ಲಿ 138 ಕಾರ್ಮಿಕರು ಸತ್ತರು, ಮಾಲೀಕರು 61,663 ಗಾಯಗಳನ್ನು ವರದಿ ಮಾಡಿದರು. ಒಂದಕ್ಕೆ ಸುಮಾರು 450, ಅದೂ ಏಳು ದಿನದ ಕಠಿಣ ಗೆರೆಯೊಂದಿಗೆ. ಅಮೆರಿಕದಲ್ಲಿ 2023ರಲ್ಲಿ 5,283 ಸಾವು, ಖಾಸಗಿ ರಂಗದಲ್ಲಿ ಸುಮಾರು 26 ಲಕ್ಷ ಗಾಯ ಮತ್ತು ಕಾಯಿಲೆಗಳು.

ಈ ಹೋಲಿಕೆಗೆ ಎರಡು ಆಕ್ಷೇಪಗಳು ಬರುತ್ತವೆ. ಅಲ್ಲಿನ ಲೆಕ್ಕದಲ್ಲಿ ಅಂಗಡಿ, ಆಸ್ಪತ್ರೆ, ಕಚೇರಿಗಳೂ ಸೇರಿವೆ. ಅಲ್ಲಿ ಜಾರಿ ಬೀಳುವವರು ಹೆಚ್ಚು, ಸಾಯುವವರು ಕಡಿಮೆ ಎಂಬುದು ಒಂದು. ಅದು ಸರಿಯಾದರೂ ಸಾಲದು, ಏಕೆಂದರೆ ಅಮೆರಿಕದ ಉತ್ಪಾದನಾ ರಂಗವೊಂದನ್ನೇ ನೋಡಿದರೂ ಸಾವು ನೂರರ ಲೆಕ್ಕದಲ್ಲಿದೆ, ಗಾಯ ಲಕ್ಷದ ಲೆಕ್ಕದಲ್ಲಿದೆ. ಭಾರತದ ಕಾರ್ಖಾನೆಗಳು ಹೆಚ್ಚು ಮಾರಕವಾಗಿರುವುದರಿಂದ ಅನುಪಾತ ಕಿರಿದಾಗಿದೆ ಎಂಬುದು ಇನ್ನೊಂದು. ಯಂತ್ರಗಳು ಎಷ್ಟೇ ಮಾರಕವಾಗಿರಲಿ, ಅದರಿಂದ ಅನುಪಾತ ಎರಡು ಮೂರು ಪಟ್ಟು ಕುಗ್ಗಬಹುದು. ನೂರು ಪಟ್ಟು ಕುಗ್ಗಲಾರದು. ಎಂಥ ಕಾರ್ಖಾನೆಯಲ್ಲೂ ಒಬ್ಬ ಸಾಯುವ ಹೊತ್ತಿಗೆ ನಾಲ್ವರು ಮಾತ್ರ ಎರಡು ದಿನ ಕೆಲಸ ತಪ್ಪಿಸುವಷ್ಟು ಪೆಟ್ಟು ತಿಂದಿರುತ್ತಾರೆಂಬುದು ನಂಬುವ ಮಾತಲ್ಲ. ಉಳಿಯುವ ವಿವರಣೆ ಒಂದೇ: ಗಾಯಗಳ ಬಹುಭಾಗ ಬರೆಯಲ್ಪಟ್ಟಿಲ್ಲ.

ಕಡಿಮೆ ಬರೆಯುವುದು ಭಾರತಕ್ಕೆ ಸೀಮಿತವೂ ಅಲ್ಲ. ಮಿಷಿಗನ್ ರಾಜ್ಯದ ಹಲವು ಮೂಲಗಳ ಅಂಕಿಗಳನ್ನು ಜೋಡಿಸಿ ನೋಡಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ ರಾಷ್ಟ್ರೀಯ ಸಮೀಕ್ಷೆ ಶೇ. 68ರವರೆಗೆ ಪ್ರಕರಣಗಳನ್ನು ತಪ್ಪಿಸಿಕೊಳ್ಳುತ್ತದೆ ಎಂದು ಅಂದಾಜು ಮಾಡಿತು. ಬ್ರಿಟನ್ 2023–24ರಲ್ಲಿ ಮನೆಮನೆ ಸಮೀಕ್ಷೆಯಲ್ಲಿ ಕಾರ್ಮಿಕರನ್ನೇ ಕೇಳಿದಾಗ 6,04,000 ಜನ ಗಾಯಗೊಂಡಿದ್ದಾಗಿ ಹೇಳಿದರು. ಸಣ್ಣ ಗಾಯಗಳೂ ಇದರಲ್ಲಿ ಸೇರಿವೆಯಾದರೂ ಮಾಲೀಕರ ವರದಿಯ ಹತ್ತರಷ್ಟು ಇದು. ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸವೆಂದರೆ, ಆ ದೇಶಗಳು ಮಾಲೀಕರ ದಾಖಲೆಯನ್ನು ಇನ್ನೊಂದು ಸ್ವತಂತ್ರ ಮೂಲದೊಂದಿಗೆ ತಾಳೆ ನೋಡುತ್ತವೆ. ಭಾರತದಲ್ಲಿ ಅಂಥ ಮೂಲ ಕೈಯಲ್ಲೇ ಇದೆ. ಇ.ಎಸ್.ಐ. ನಿಗಮವು ಗಾಯದ ಸೌಲಭ್ಯಕ್ಕಾಗಿ ಹಣ ಪಾವತಿಸುವುದರಿಂದ, ಅದರ ಪಟ್ಟಿಯನ್ನು ಕಾರ್ಖಾನೆ ಇಲಾಖೆಯ ಪಟ್ಟಿಯ ಪಕ್ಕದಲ್ಲಿಟ್ಟರೆ ಯಾವ ಕಾರ್ಖಾನೆ ಒಂದು ಕಡೆ ತಿಳಿಸಿ ಇನ್ನೊಂದು ಕಡೆ ಮರೆತಿದೆ ಎಂಬುದು ಹೊರಬೀಳುತ್ತದೆ.

ಈಗಿನ ಸ್ಥಿತಿ

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ಎಂಬ ಕಾನೂನನ್ನು ಕೇಂದ್ರ ಸರ್ಕಾರ 2025ರ ನವೆಂಬರ್ 21ರಂದು ಇತರ ಮೂರು ಕಾರ್ಮಿಕ ಸಂಹಿತೆಗಳೊಡನೆ ಜಾರಿಗೆ ತಂದಿತು. ಕಾರ್ಖಾನೆ, ಗಣಿ, ಬಂದರು, ತೋಟ ಮುಂತಾದವುಗಳ ಹಳೆಯ ಕಾಯ್ದೆಗಳು ಇದರಲ್ಲಿ ಲೀನವಾಗಿವೆ. ಪರಿಹಾರ ಮತ್ತು ಇ.ಎಸ್.ಐ. ಕಾನೂನುಗಳು ಸಾಮಾಜಿಕ ಭದ್ರತಾ ಸಂಹಿತೆಗೆ ಸೇರಿವೆ. ಹೊಸ ಸಂಹಿತೆಯ 10, 11, 12ನೆಯ ಪ್ರಕರಣಗಳು ಕ್ರಮವಾಗಿ ಅಪಘಾತ, ಅಪಾಯಕಾರಿ ಘಟನೆ, ರೋಗಗಳ ವರದಿಗೆ ಸಂಬಂಧಿಸಿವೆ. 48 ಗಂಟೆಯ ಗೆರೆ ಹಾಗೆಯೇ ಉಳಿದಿದೆ. ವರದಿ ಮಾಡಬೇಕಾದ ರೋಗಗಳ ಸಂಖ್ಯೆಯೂ 29ರಲ್ಲೇ ನಿಂತಿದೆ. ಬದಲಾದದ್ದು ವ್ಯಾಪ್ತಿ: ಸಂಹಿತೆ ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುವುದರಿಂದ ಕಾರ್ಖಾನೆಯಲ್ಲದ ಕೆಲಸದ ಸ್ಥಳಗಳೂ ಅಪಘಾತ ವರದಿಯ ಹೊಣೆಗೆ ಒಳಪಟ್ಟಿವೆ. ಇನ್ನೊಂದು ಕಡೆ, ‘ಕಾರ್ಖಾನೆ’ ಎನಿಸಿಕೊಳ್ಳಲು ಬೇಕಾದ ಸಂಖ್ಯೆ ಯಂತ್ರಶಕ್ತಿ ಇರುವಲ್ಲಿ ಹತ್ತರಿಂದ ಇಪ್ಪತ್ತಕ್ಕೆ, ಇಲ್ಲದಲ್ಲಿ ಇಪ್ಪತ್ತರಿಂದ ನಲವತ್ತಕ್ಕೆ ಏರಿದೆ. ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಎರಡು ವರ್ಷಗಳವರೆಗೆ ಸೆರೆ ಅಥವಾ ಐದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ ಅಥವಾ ಎರಡನ್ನೂ ವಿಧಿಸಬಹುದು. ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಸತ್ತವರ ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ಹೊಸ ವ್ಯಾಪ್ತಿಯ ಸಂಸ್ಥೆಗಳು ವರದಿ ಕಳುಹಿಸತೊಡಗಿದರೆ ಮುಂದಿನ ಕೆಲವು ವರ್ಷಗಳಲ್ಲಿ ದೇಶದ ಗಾಯಗಳ ಅಧಿಕೃತ ಸಂಖ್ಯೆ ಏರಬೇಕು. ಸಾವಿನ ಸಂಖ್ಯೆ ಏರದೆ ಗಾಯಗಳದು ಮಾತ್ರ ಏರಿದರೆ ಅದನ್ನು ದಾಖಲಾತಿ ಸುಧಾರಿಸಿದ ಲಕ್ಷಣವೆಂದು ಓದಬೇಕು. ಸಾವು–ಗಾಯಗಳ ಅನುಪಾತ ಒಂದಕ್ಕೆ ನಾಲ್ಕರಲ್ಲೇ ನಿಂತರೆ, ಸಂಹಿತೆಯ ಈ ಮೂರು ಪ್ರಕರಣಗಳು ಇನ್ನೂ ಕೆಲಸ ಶುರುಮಾಡಿಲ್ಲ.